ನಿಮ್ಮೂರಲ್ಲಿ ಏನಿದೆ?

ಸೋದರಿಯರೇ, ಮದುವೆಯಾಗಿ ದೂರದ ಊರಿಗೆ ಹೋದ ಹೆಣ್ಣುಮಗಳನ್ನು ನೆರೆಮನೆಯವರು ಕೇಳುವುದುಂಟು: "ನಿಮ್ಮೂರಲ್ಲಿ ನೋಡೋಂಥದ್ದು ಏನಿದೆ?" ನಮ್ಮ ಕಡೆಯ ಹುಡುಗಿಯರು ತಲೆ ತಗ್ಗಿಸಿ, "ಏನಿಲ್ರಿ, ಎರಿ ಹೊಲ, ಕಡ್ಲಿ, ಹತ್ತಿ, ಅಷ್ಟ" ಎಂದುಬಿಡುತ್ತಾರೆ! ಶಾಲೆಯ ಪ್ರವಾಸ ಬೇಲೂರು-ಹಳೇಬೀಡಿಗೆ ಹೋಗುತ್ತದೆ, ಮಗ್ಗುಲಿನ ಊರು ನೋಡದೇ ಉಳಿಯುತ್ತದೆ. ಮಗಳು ಗಂಡನ ಮನೆಗೆ ಹೋಗುವ ಮೊದಲೇ ಈ ಮೂರು ಜಾಗ ತೋರಿಸಿಬಿಡಿ.

ಅಣ್ಣಿಗೇರಿಯಿಂದ ಸುರು ಮಾಡೋಣ. ಆದಿಕವಿ ಪಂಪನ ಊರೆಂದು ಹೆಸರಾದ ಇಲ್ಲಿ 11ನೇ ಶತಮಾನದ ಅಮೃತೇಶ್ವರ ಗುಡಿಯಿದೆ. ಬಳಪದ ಕಲ್ಲಿನಲ್ಲಿ ಕಟ್ಟಿದ್ದು, 76 ಕಂಬಗಳಿವೆ. ಕೈಮುಗಿದು, ಕಾಯಿ ಒಡೆಸಿ ಹೊರಟುಬಿಡಬೇಡಿ. ಮಕ್ಕಳಿಂದ ಕಂಬ ಎಣಿಸಿರಿ. ಕಲ್ಯಾಣದ ಚಾಲುಕ್ಯರ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರ 12ನೇ ಶತಮಾನದ ಕೊನೆಗೆ ಇಲ್ಲಿಂದಲೇ ಆಳಿದನೆಂದು ಹೇಳಿರಿ. "ನಮ್ಮ ಸಣ್ಣ ಊರು ರಾಜಧಾನಿ ಆಗಿತ್ತೇನವ್ವಾ?" ಎಂದು ಅವರು ಕಣ್ಣರಳಿಸದಿದ್ದರೆ ಕೇಳಿ!

ಇನ್ನು ನವಲಗುಂದ. ಹೋಳಿಯಲ್ಲಿ ಕಾಮಣ್ಣನಿಗೆ ಹರಕೆ ಹೊತ್ತು ಬರುವವರ ಜಾತ್ರೆಯೇ ನೆರೆಯುತ್ತದೆ. ಆದರೆ ನಾನು ಹೇಳುವುದು ಜಮಖಾನಾ ನೇಯುವ ಮನೆಗಳ ಮಾತು. ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಬಣ್ಣದ ನೂಲಿನಿಂದ ನವಿಲು, ಚೌಕಾಬಾರದ ಮನೆ ಮೂಡಿಸುತ್ತಾರೆ. ಇಂಥ ಮನೆಗಳು ಈಗ ಕೆಲವೇ ಉಳಿದಿವೆ. ಗಿರಣಿಯ ಅಗ್ಗದ ಹಾಸಿಗೆಯ ಮುಂದೆ ಕೈಕೆಲಸಕ್ಕೆ ಬೆಲೆ ಸಿಗುವುದು ಕಷ್ಟ. ಮಗಳ ಮದುವೆಗೆ ಒಂದಾದರೂ ನವಲಗುಂದದ ಜಮಖಾನಾ ಕೊಡಿ. ನೋಡಿ ಹೊಗಳುವುದಕ್ಕಿಂತ ಕೊಳ್ಳುವುದರಿಂದಲೇ ಮಗ್ಗ ಉಳಿಯುವುದು.

ಮೂರನೆಯದು ಕುಂದಗೋಳದ ನಾಡಿಗೇರ ವಾಡೆ. ಸವಾಯಿ ಗಂಧರ್ವರ (1886–1952) ನೆನಪಿಗೆ ಇಲ್ಲಿ ಅಹೋರಾತ್ರಿ ಸಂಗೀತ ನಡೆದುಬಂದಿದೆ. ಗಂಗೂಬಾಯಿ ಹಾನಗಲ್ ಮಕ್ಕಳ ತಾಯಿಯಾದ ಮೇಲೂ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳದ ಈ ಗುರುಗಳಲ್ಲಿಗೆ ಪಾಠಕ್ಕೆ ಬರುತ್ತಿದ್ದರು. 2002ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. "ಮನಿ, ಮಕ್ಕಳು ಅಂತ ನನ್ನ ಕಲಿಯೋದೆಲ್ಲ ನಿಂತುಹೋತು" ಎನ್ನುವ ತಂಗಿಯರು ಆ ಸ್ಟೇಷನ್ನಿನಲ್ಲಿ ಒಮ್ಮೆ ಇಳಿದು ನೋಡಬೇಕು.

ಮೂರನ್ನೂ ಒಂದೇ ದಿನಕ್ಕೆ ಹಿಡಿಯಬೇಡಿ, ಮಕ್ಕಳು ದಣಿಯುತ್ತಾರೆ. ಬಿಸಿಲು ಏರುವ ಮೊದಲೇ ಹೊರಡಿ. ಬುತ್ತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಸಾಕು. ನಾಳೆ ಯಾರಾದರೂ ಕೇಳಿದರೆ ನಿಮ್ಮ ಮಗಳು, "ಕೂಡ್ರಿ, ಹೇಳ್ತೀನಿ" ಎನ್ನಲಿ!