ಬದುಕಿಕೊಂಡರು, ಮುಂದೇನು?

ಅಮೆರಿಕದಲ್ಲಿ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳೆಂದರೆ ಮೂಗು ಮುರಿಯುವವರು ಬಹಳ. 2014ರಲ್ಲಿ ಫೀನಿಕ್ಸ್ ನಗರದ ಆಸ್ಪತ್ರೆಯಲ್ಲಿ ರೋಗಿಗಳ ಕಾಯುವ ಪಟ್ಟಿಯನ್ನೇ ಮುಚ್ಚಿಟ್ಟದ್ದು ಬಯಲಾಗಿ, ಈ ಆಸ್ಪತ್ರೆಗಳನ್ನು ನಡೆಸುವ ಮಾಜಿ ಸೈನಿಕರ ಇಲಾಖೆಯ ಮುಖ್ಯಸ್ಥ ಎರಿಕ್ ಶಿನ್‌ಸೆಕಿ ರಾಜೀನಾಮೆ ಕೊಟ್ಟರು. ಎಚ್‌ಐವಿ ಇದ್ದೂ ಮುಪ್ಪಿನವರೆಗೆ ಬದುಕುವವರನ್ನು ನೋಡಿಕೊಳ್ಳುವ ಬಗೆಯನ್ನು ವೈದ್ಯಲೋಕಕ್ಕೆ ಕಲಿಸಿದ್ದರಲ್ಲಿ ಮಾತ್ರ ಇದೇ ಇಲಾಖೆಯ ಪಾಲು ದೊಡ್ಡದು. ಅಲ್ಲಿ ಚಿಕಿತ್ಸೆ ಪಡೆಯುವ ಸೋಂಕಿತರು 30 ಸಾವಿರಕ್ಕೂ ಹೆಚ್ಚು. ಆ ದೇಶದಲ್ಲಿ ಬೇರಾವ ಸಂಸ್ಥೆಯೂ ಒಂದೇ ಸೂರಿನಡಿ ಇಷ್ಟು ಮಂದಿಯನ್ನು ನೋಡಿಕೊಳ್ಳುತ್ತಿಲ್ಲ.

1980ರ ದಶಕದಲ್ಲಿ ವೈದ್ಯರ ಮುಂದಿದ್ದುದು ಒಂದೇ ಪ್ರಶ್ನೆ: ಇನ್ನೆಷ್ಟು ತಿಂಗಳು? 1996ರ ಹೊತ್ತಿಗೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದು ಸಾವು ಹಿಂದೆ ಸರಿಯಿತು. ಆಗ ಶುರುವಾಯಿತು ಬೇರೆ ತಲೆನೋವು. ವೈರಾಣು ಹತೋಟಿಯಲ್ಲಿದ್ದ ರೋಗಿಗೆ ಹೃದಯಾಘಾತ, ಯಕೃತ್ತಿನ ತೊಂದರೆ, ಕುಡಿತ, ಖಿನ್ನತೆ. ಇವು ವೈರಾಣುವಿನ ಕೊಡುಗೆಯೋ, ಸಿಗರೇಟಿನದ್ದೋ, ಬರೀ ವಯಸ್ಸಿನದ್ದೋ?

ಉತ್ತರ ಹುಡುಕಲು ಈ ಇಲಾಖೆಗೆ ಒಂದು ಅನುಕೂಲವಿತ್ತು. ಯೋಧ ಒಮ್ಮೆ ಇಲ್ಲಿ ಹೆಸರು ಬರೆಸಿದರೆ ಬಹುಪಾಲು ಕೊನೆಯವರೆಗೂ ಇಲ್ಲೇ. ರಕ್ತಪರೀಕ್ಷೆ, ಔಷಧಿ, ಮನೋವೈದ್ಯರ ಟಿಪ್ಪಣಿ ಎಲ್ಲವೂ ಒಂದೇ ಕಂಪ್ಯೂಟರ್ ದಾಖಲೆಯಲ್ಲಿ. ಡಾ. ಏಮಿ ಜಸ್ಟಿಸ್ 1990ರ ದಶಕದ ಕೊನೆಗೆ ಮೂರು ಆಸ್ಪತ್ರೆಗಳಲ್ಲಿ ಆರಂಭಿಸಿದ ಅಧ್ಯಯನ 2002ರಲ್ಲಿ ಎಂಟು ಕಡೆಗೆ ಹಬ್ಬಿತು. ಅದರ ಜಾಣತನವೆಂದರೆ, ಪ್ರತಿ ಸೋಂಕಿತನ ಜೊತೆಗೆ ಅದೇ ಊರಿನ, ಅದೇ ವಯೋಮಾನದ, ಸೋಂಕಿಲ್ಲದ ಇನ್ನೊಬ್ಬ ಮಾಜಿ ಸೈನಿಕನನ್ನೂ ಸೇರಿಸಿಕೊಂಡದ್ದು.

ಅಲ್ಲಿಂದ ಬಂದದ್ದೇ ಒಂದು ಅಪಾಯದ ಅಳತೆಗೋಲು. ಅದುವರೆಗೆ ಎಲ್ಲರ ಕಣ್ಣು ರೋಗನಿರೋಧಕ ಸಿಡಿ4 ಕಣ ಮತ್ತು ವೈರಾಣುವಿನ ಪ್ರಮಾಣದ ಮೇಲೆ. ಜಸ್ಟಿಸ್ ತಂಡ ಹಿಮೋಗ್ಲೋಬಿನ್, ಯಕೃತ್ತು, ಮೂತ್ರಪಿಂಡ, ಹೆಪಟೈಟಿಸ್ ಸಿ ಇವನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಯಾರ ಜೀವಕ್ಕೆ ಅಪಾಯ ಹೆಚ್ಚೆಂಬುದು ಇನ್ನೂ ಸ್ಪಷ್ಟವಾಗಿ ತಿಳಿಯಿತು. ಬೇಕಾದ ಪರೀಕ್ಷೆಗಳೆಲ್ಲ ಮಾಮೂಲಿಯವೇ. 2013ರಲ್ಲಿ 82 ಸಾವಿರಕ್ಕೂ ಹೆಚ್ಚು ಯೋಧರ ದಾಖಲೆ ಜಾಲಾಡಿದಾಗ ಕಂಡದ್ದು ಮತ್ತೂ ಗಂಭೀರ: ಸೋಂಕಿತರಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಒಂದೂವರೆ ಪಟ್ಟು. ವೈರಾಣು ಹತೋಟಿಗೆ ಬಂದಿದ್ದವರಿಗೂ ಅದರಿಂದ ಪೂರ್ತಿ ಬಿಡುಗಡೆ ಇರಲಿಲ್ಲ.

ಹಾಗಾಗಿ ಸೋಂಕುರೋಗ ತಜ್ಞ ಒಬ್ಬರಿಂದಲೇ ಆಗುವ ಕೆಲಸ ಇದಲ್ಲವೆಂದಾಯಿತು. ಖಿನ್ನತೆಗಾಗಿ ಮೂರು ಕ್ಲಿನಿಕ್‌ಗಳಲ್ಲಿ ನಡೆಸಿದ ಪ್ರಯೋಗವೊಂದರ ಫಲಿತಾಂಶ 2011ರಲ್ಲಿ ಬಂತು. ನರ್ಸ್ ಫೋನಿನಲ್ಲಿ ವಿಚಾರಿಸುವುದು, ಫಾರ್ಮಸಿಸ್ಟ್ ಮತ್ತು ಮನೋವೈದ್ಯರು ದೂರದಿಂದಲೇ ಚರ್ಚಿಸುವುದು, ಸಲಹೆಯನ್ನು ಎಚ್‌ಐವಿ ವೈದ್ಯರ ದಾಖಲೆಗೆ ಬರೆಯುವುದು. ಆರು ತಿಂಗಳಿಗೆ ಒಳ್ಳೆಯ ಗುಣ ಕಂಡಿತು. ವರ್ಷ ತುಂಬುವಾಗ ಮಾಮೂಲಿ ಚಿಕಿತ್ಸೆ ಪಡೆದವರಿಗೂ ಇವರಿಗೂ ಅಂಥ ವ್ಯತ್ಯಾಸ ಉಳಿಯಲಿಲ್ಲ.

2018ರಲ್ಲಿ ಇಡೀ ಮನುಷ್ಯನನ್ನು ನೋಡುವ ಆರೋಗ್ಯ ಪದ್ಧತಿಯನ್ನು ಇಲಾಖೆ ಎಲ್ಲ ಬಗೆಯ ರೋಗಿಗಳಿಗಾಗಿ 18 ಕೇಂದ್ರಗಳಲ್ಲಿ ವ್ಯಾಪಕವಾಗಿ ಜಾರಿಗೆ ತಂದಿತು. ಯೋಗ, ತೈ ಚಿ, ಅಕ್ಯುಪಂಕ್ಚರ್ ಎಲ್ಲ ಅದರಲ್ಲಿವೆ. ನಮ್ಮ ಪತ್ರಿಕೆಗಳಿಗೆ ಯೋಗವೇ ಸುದ್ದಿಯಾದೀತು. ಆದರೆ ಬಿಪಿ, ಸಕ್ಕರೆ, ನಿದ್ದೆ, ವೈರಾಣು ಎಂದು ಹತ್ತಾರು ಗುಳಿಗೆ ನುಂಗುವವನ ಪಟ್ಟಿ ಹಿಡಿದು ಯಾವುದಕ್ಕೆ ಯಾವುದು ಒಗ್ಗದೆಂದು ನೋಡುವ ಫಾರ್ಮಸಿಸ್ಟ್ ನನಗೆ ಹೆಚ್ಚು ಮುಖ್ಯ.

ರೋಗ ಬೇಗ ಪತ್ತೆಯಾಗಲು ಕಾನೂನೂ ದಾರಿ ಬಿಡಬೇಕಿತ್ತು. ಕಳಂಕದ ಭಯವಿದ್ದ 1988ರಲ್ಲಿ, ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಕೂಡದೆಂದು ಇಲಾಖೆಗೆ ಕಟ್ಟಳೆ ಹಾಕಿದ್ದರು. ರಕ್ಷಣೆಗೆಂದು ಹಾಕಿದ ಬೇಲಿ ರೋಗ ತಡವಾಗಿ ಪತ್ತೆಯಾಗಲು ಕಾರಣವಾಗುತ್ತಿದೆ ಎಂದು 2008ರಲ್ಲಿ ಅದನ್ನು ತೆಗೆದರು. ಮರುವರ್ಷದಿಂದ ಬಾಯಿಮಾತಿನ ಒಪ್ಪಿಗೆ ಸಾಕಾಯಿತು.

ಹಳ್ಳಿಗಾಡಿನ ಯೋಧರ ಪಾಡು ಬೇರೆ. ಅವರು ಆಸ್ಪತ್ರೆ ತಲುಪುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆಂದು ಅಯೋವಾ ಸಿಟಿಯ ಡಾ. ಮೈಕೆಲ್ ಓಲ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಓಲ್ ತಂಡ ಬೆಳೆಸಿದ ಏರ್ಪಾಡಿನಲ್ಲಿ ಎಚ್‌ಐವಿ ತಜ್ಞರು ವಿಡಿಯೊದಲ್ಲಿ ಸಿಗುತ್ತಾರೆ. ಬಿಪಿ, ಸಕ್ಕರೆಯನ್ನು ಹತ್ತಿರದ ಕ್ಲಿನಿಕ್ಕಿನ ಸಾಮಾನ್ಯ ವೈದ್ಯರು ನೋಡಿಕೊಳ್ಳುತ್ತಾರೆ. ಇಬ್ಬರೂ ಬರೆಯುವುದು ಒಂದೇ ದಾಖಲೆಯಲ್ಲಿ.