ಕಬ್ಬಿನ ಹಾಲಿನ ಸಿಹಿಗೆ ಸಾಕ್ಷಿ ಯಾರು?

ಬೇಸಿಗೆಯಲ್ಲಿ ಬೀದರ್ ಜಿಲ್ಲೆಯ ಠಾಣಾ ಕುಶನೂರಿನ ಕಡೆ ಒಂದು ಲೋಟ ಕಬ್ಬಿನ ಹಾಲು ಕುಡಿದವರು ‘ಯಾಕೋ ಸಪ್ಪಗಿದೆ’ ಎಂದರೆ ತಪ್ಪು ಕಬ್ಬಿನದೇ ಆಗಿರಬೇಕೆಂದಿಲ್ಲ. ಲೋಟಕ್ಕೆ ಬಿದ್ದ ಐಸು ಎರಡು ಕಡೆಯಿಂದ ಕೆಲಸ ಮಾಡಿರುತ್ತದೆ: ಕರಗಿ ರಸವನ್ನು ತೆಳುವಾಗಿಸಿರುತ್ತದೆ, ಜೊತೆಗೆ ತಂಪಿನಿಂದ ನಾಲಗೆಯನ್ನೇ ಮಂಕಾಗಿಸಿರುತ್ತದೆ. ಸಿಹಿಯ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಜೀವಕೋಶಗಳು ಬೆಚ್ಚಗಿದ್ದಾಗ ಚುರುಕು, ತಣ್ಣಗಾದಾಗ ನಿಧಾನ. ಕರಗಿದ ಐಸ್‌ಕ್ರೀಮು ಗಟ್ಟಿ ಐಸ್‌ಕ್ರೀಮಿಗಿಂತ ಹೆಚ್ಚು ಸಿಹಿ ಎನಿಸುವುದೂ ಇದೇ ಕಾರಣಕ್ಕೆ. ಹಾಗಾಗಿ ದ್ರಾವಣದ ಸಾಂದ್ರತೆಯ ವಿಷಯದಲ್ಲಿ ನಾಲಗೆಯ ಸಾಕ್ಷ್ಯವನ್ನು ನಂಬಿ ಕೂರುವಂತಿಲ್ಲ. ಸಾಂದ್ರತೆ ಎಂದರೆ ಲೋಟದಲ್ಲಿ ಎಷ್ಟು ಸಕ್ಕರೆ ಇದೆ ಎಂಬುದಲ್ಲ, ಎಷ್ಟು ರಸಕ್ಕೆ ಎಷ್ಟು ಸಕ್ಕರೆ ಎಂಬ ಲೆಕ್ಕ. ಅರ್ಧ ಲೋಟ ಕುಡಿದಿಟ್ಟರೆ ಉಳಿದ ಸಕ್ಕರೆ ಅರ್ಧವಾಗುತ್ತದೆ, ಸಾಂದ್ರತೆ ಇದ್ದಷ್ಟೇ ಇರುತ್ತದೆ. ಕಬ್ಬಿನವರು ಇದನ್ನು ಬ್ರಿಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 18 ಬ್ರಿಕ್ಸ್ ಎಂದರೆ 100 ಗ್ರಾಂ ರಸದಲ್ಲಿ 18 ಗ್ರಾಂ ಕರಗಿದ ಪದಾರ್ಥ, ಅದರಲ್ಲಿ ಬಹುಪಾಲು ಸಕ್ಕರೆ. ಆ ಲೆಕ್ಕದಲ್ಲಿ ಐಸಿಲ್ಲದ 250 ಮಿಲಿಲೀಟರ್ ರಸದಲ್ಲಿ ಸುಮಾರು 48 ಗ್ರಾಂ, ಹೆಚ್ಚುಕಡಿಮೆ ಹನ್ನೆರಡು ಟೀ ಚಮಚ ಸಕ್ಕರೆ. ಹನ್ನೆರಡು ಚಮಚ ಸಕ್ಕರೆಯನ್ನು ಚಹಾಕ್ಕೆ ಸುರಿದುಕೊಳ್ಳುವವರು ಯಾರೂ ಇರಲಾರರು.

ನಾಲಗೆಗಿಂತ ನಂಬಬಹುದಾದ ಸಾಧನವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಸ್ಟ್ರಾ ತೆಗೆದುಕೊಂಡು ಅದರ ಕೆಳಬಾಯಿಗೆ ಜೇಡಿಮಣ್ಣಿನ ಬಿರಡೆ ಹಾಕಿ, ನೀರಿನಲ್ಲಿ ನೆಟ್ಟಗೆ ತೇಲುವಂತೆ ತೂಕ ಹೊಂದಿಸಬೇಕು. ಅದು ತನ್ನ ತೂಕದಷ್ಟು ದ್ರವವನ್ನು ಸರಿಸುವವರೆಗೆ ಮುಳುಗಿ ನಿಲ್ಲುತ್ತದೆ. ನೀರಿನಲ್ಲಿ 10 ಸೆಂಟಿಮೀಟರ್ ಮುಳುಗಿದ ಸ್ಟ್ರಾ 18 ಬ್ರಿಕ್ಸ್‌ನ ರಸದಲ್ಲಿ ಸುಮಾರು 7 ಮಿಲಿಮೀಟರ್ ಮೇಲೆದ್ದಿರುತ್ತದೆ. 100 ಮಿಲಿಲೀಟರಿಗೆ ಒಂದು ಚಮಚ ಸಕ್ಕರೆ ಹಾಕಿ ಆರಿಸಿದ ಕಪ್ಪು ಚಹಾದಲ್ಲಿ ಏಳುವುದು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಗಾಜಿನ ಹೈಡ್ರೋಮೀಟರ್ ಎಂಬುದು ಇದರ ಓದುಬರಹ ಕಲಿತ ಅಣ್ಣ. ಆದರೆ ಅದೇ ಚಹಾ ಸುಡುತ್ತಿರುವಾಗ ಸ್ಟ್ರಾ ಇಳಿಬಿಟ್ಟರೆ ತಣ್ಣೀರಿಗಿಂತಲೂ ಆಳಕ್ಕೆ ಇಳಿಯುತ್ತದೆ, ಏಕೆಂದರೆ ಬಿಸಿಯಾದ ದ್ರವ ಹಿಗ್ಗಿ ಹಗುರಾಗಿರುತ್ತದೆ. ನಾಲಗೆ ಬಿಸಿಗೆ ಸಿಹಿಯನ್ನು ಹಿಗ್ಗಿಸಿ ಹೇಳಿದರೆ ಈ ಯಂತ್ರ ಕುಗ್ಗಿಸಿ ಹೇಳುತ್ತದೆ. ಪ್ರಯೋಗಾಲಯಗಳಲ್ಲಿ 20 ಡಿಗ್ರಿ ಸೆಲ್ಸಿಯಸ್ ಎಂದು ಪಟ್ಟು ಹಿಡಿಯುವುದು ಇದಕ್ಕೇ.

ಕಬ್ಬಿನ ಹೊಲದಲ್ಲಿ ಮಾತ್ರ ಲೋಟಗಟ್ಟಲೆ ರಸ ಹಿಂಡಿ, ಆರಿಸಿ, ಕೊಳವೆ ತೇಲಿಸುತ್ತ ಕೂರಲು ವ್ಯವಧಾನವಿರುವುದಿಲ್ಲ. ಅಲ್ಲಿಗೆ ಬೇಕಾದದ್ದು ಅಂಗೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್. ಪಟ್ಟಕದ ಮೇಲೆ ಎರಡು ಹನಿ ರಸ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿನತ್ತ ಹಿಡಿದು ನೋಡಿದರೆ ನೀಲಿ-ಬಿಳಿಯ ನಡುವೆ ಒಂದು ಗೆರೆ ಕಾಣುತ್ತದೆ. ರಸ ಸಾಂದ್ರವಾದಷ್ಟೂ ಬೆಳಕು ಹೆಚ್ಚು ಬಾಗುತ್ತದೆ, ಗೆರೆ ಮೇಲಕ್ಕೆ ಸರಿಯುತ್ತದೆ. ಇದರಿಂದ ಕಬ್ಬಿನ ಬುಡವನ್ನೂ ತುದಿಯನ್ನೂ ಬೇರೆ ಬೇರೆಯಾಗಿ ಅಳೆಯಬಹುದು. ಎಳೆಯ ಕಬ್ಬಿನಲ್ಲಿ ಬುಡ ಸಿಹಿ, ತುದಿ ಸಪ್ಪೆ. ಎರಡರ ಅಂಕಿಗಳು ಹೆಚ್ಚುಕಡಿಮೆ ಸಮಕ್ಕೆ ಬಂದರೆ ಕಬ್ಬು ಕಟಾವಿಗೆ ಬಂದಿದೆ ಎಂದರ್ಥ.

ಇಷ್ಟು ಸುಲಭವಾಗಿ ಅಳೆಯಬಹುದಾದರೆ ಪ್ರತಿ ರೈತನ ಕಬ್ಬಿಗೂ ಬ್ರಿಕ್ಸ್ ನೋಡಿಯೇ ದರ ಕೊಡಬಹುದಲ್ಲ? ಮಾಂಜ್ರಾ ನದಿಯ ಆಸುಪಾಸಿನ ಬೀದರ್ ಜಿಲ್ಲೆಯಲ್ಲಿ ಈ ಪ್ರಶ್ನೆ ಏಳುವುದು ಸಹಜ. ಕೇಂದ್ರ ಸರ್ಕಾರ 2025-26ನೇ ಹಂಗಾಮಿಗೆ ಗೊತ್ತುಮಾಡಿದ ದರ ಕ್ವಿಂಟಲಿಗೆ 355 ರೂಪಾಯಿ, ಅದೂ ಶೇ 10.25ರ ಇಳುವರಿಗೆ, ಅಂದರೆ ಕಬ್ಬಿನ ತೂಕದಲ್ಲಿ ಕೈಗೆ ಸಿಗುವ ಸಕ್ಕರೆಯ ಪಾಲಿಗೆ. ಆದರೆ ಈ ಇಳುವರಿ ಇಡೀ ಕಾರ್ಖಾನೆಯದ್ದು; ಸಿಹಿ ಕಬ್ಬು ತಂದವನಿಗೂ ಸಪ್ಪೆ ಕಬ್ಬು ತಂದವನಿಗೂ ಟನ್ನಿಗೆ ಒಂದೇ ದರ. ಕಬ್ಬಿನ ತೂಕದಲ್ಲಿ ಮುಕ್ಕಾಲು ಭಾಗದಷ್ಟು ನೀರೇ ಆಗಿರುವಾಗ ತಕ್ಕಡಿಯೊಂದನ್ನೇ ನಂಬುವುದು ನ್ಯಾಯವಲ್ಲ ಎಂಬ ವಾದದಲ್ಲಿ ಹುರುಳಿದೆ.

ಆದರೆ ತಕ್ಕಡಿಯ ಜಾಗಕ್ಕೆ ಬ್ರಿಕ್ಸ್ ಒಂದನ್ನೇ ತಂದು ಕೂರಿಸಿದರೆ ಒಂದು ತಪ್ಪು ಹೋಗಿ ಇನ್ನೊಂದು ಬರುತ್ತದೆ. ಕಡಿದ ಕಬ್ಬು ಟ್ರ್ಯಾಕ್ಟರಿನಲ್ಲಿ ಎರಡು-ಮೂರು ದಿನ ಬಿಸಿಲು ಕಾದರೆ ನೀರು ಆರಿ ತೂಕ ಇಳಿಯುತ್ತದೆ, ಬ್ರಿಕ್ಸ್ ಏರುತ್ತದೆ. ಅದೇ ಹೊತ್ತಿಗೆ ಒಳಗಿನ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತಿರುತ್ತದೆ. ಅವೂ ಸಿಹಿ, ಅವೂ ಬೆಳಕನ್ನು ಬಾಗಿಸುತ್ತವೆ. ಆದರೆ ಕಾರ್ಖಾನೆಯಲ್ಲಿ ಹರಳುಗಟ್ಟದೆ ಕಾಕಂಬಿಯ ಪಾಲಾಗುತ್ತವೆ. ಗೆರೆ ಮೇಲೇರಿದ್ದರೂ ಸಿಗುವ ಸಕ್ಕರೆ ಇಳಿದಿರುತ್ತದೆ. ರಸದಲ್ಲಿ ಏನೋ ಎಷ್ಟೋ ಕರಗಿದೆ ಎಂದಷ್ಟೇ ಬ್ರಿಕ್ಸ್ ಹೇಳುತ್ತದೆ, ಕರಗಿದ್ದು ಏನು ಎಂಬುದನ್ನಲ್ಲ. ಹಾಲಿನ ಲ್ಯಾಕ್ಟೋಮೀಟರನ್ನು ಕಳ್ಳರು ಯಾಮಾರಿಸುವುದೂ ಈ ಸಂದಿಯಲ್ಲೇ: ಕೆನೆ ತೆಗೆದರೆ ಹಾಲಿನ ಸಾಪೇಕ್ಷ ತೂಕ ಏರುತ್ತದೆ, ನೀರು ಬೆರೆಸಿದರೆ ಇಳಿಯುತ್ತದೆ, ಎರಡನ್ನೂ ಹದವಾಗಿ ಮಾಡಿದರೆ ಯಂತ್ರ ‘ಸರಿಯಿದೆ’ ಎಂದುಬಿಡುತ್ತದೆ.

ಅದಕ್ಕೇ ಸಕ್ಕರೆ ಪ್ರಯೋಗಾಲಯದಲ್ಲಿ ಪೋಲಾರಿಮೀಟರ್ ಎಂಬ ಎರಡನೆಯ ಸಾಕ್ಷಿ ಇರುತ್ತದೆ. ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು ರಸದ ಮೂಲಕ ಹಾಯಿಸಿದರೆ ಸುಕ್ರೋಸ್ ಅದನ್ನು ಬಲಕ್ಕೆ ತಿರುಗಿಸುತ್ತದೆ. ಒಡೆದ ಸಕ್ಕರೆಗಳ ಮಿಶ್ರಣ ಎಡಕ್ಕೆ. ಬ್ರಿಕ್ಸ್ 18 ಇದ್ದು ಈ ಯಂತ್ರ ಸುಕ್ರೋಸ್ 16 ಎಂದು ತೋರಿಸಿದರೆ ರಸದ ಶುದ್ಧತೆ, ಅಂದರೆ ಕರಗಿದ್ದರಲ್ಲಿ ಸುಕ್ರೋಸಿನ ಪಾಲು, ಶೇ 89ರ ಆಸುಪಾಸು. ಆಸ್ಟ್ರೇಲಿಯಾದಲ್ಲಿ ಈ ಎರಡೂ ಅಂಕಿಗಳಿಗೆ ಕಬ್ಬಿನ ನಾರಿನ ಲೆಕ್ಕವನ್ನೂ ಸೇರಿಸಿ ಬೆಳೆಗಾರರಿಗೆ ಹಣ ಕೊಡುತ್ತಾರೆ. ಸಣ್ಣ ಹಿಡುವಳಿಗಳ ನಮ್ಮಲ್ಲಿ ಪ್ರತಿ ಟ್ರಾಲಿಯ ಮಾದರಿ ತೆಗೆಯುವುದು ದುಬಾರಿ, ಗಲಾಟೆಯ ಕೆಲಸ ಎಂಬ ಆಕ್ಷೇಪ ನಿಜವೇ. ಬುಡದ ತುಂಡು ತೆಗೆದರೆ ರೈತನಿಗೆ ಲಾಭ, ತುದಿಯದು ತೆಗೆದರೆ ಕಾರ್ಖಾನೆಗೆ. ಆದರೆ ಇದು ರಸದ ತಕರಾರಲ್ಲ, ಮಾದರಿ ತೆಗೆಯುವ ಕೈಯದು. ಟ್ರಾಲಿಯ ನಡುವಿನಿಂದ ಬುಡ-ತುದಿ ಎರಡೂ ಬರುವಂತೆ ಯಂತ್ರವೇ ಕಬ್ಬನ್ನು ಕೊರೆದು ತೆಗೆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.