ಎಂಜಿನ್ ಬದಲಿಸಿದ ಜೀಪು ಮತ್ತು ಡೀಸೆಲ್ ಪಂಪಿನ ತಂಟೆ

ಮಲೆನಾಡಿನ ಸಣ್ಣ ಬೆಳೆಗಾರನಿಗೆ ಜೀಪು ಶೋಕಿಯ ವಾಹನವಲ್ಲ. ಗೊಬ್ಬರ ತರುವುದು, ಕಾಫಿ ಮೂಟೆಗಳನ್ನು ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸುವುದು, ಅಡಿಕೆಯನ್ನು ಮಂಡಿಗೆ ಒಯ್ಯುವುದು, ಜಡಿಮಳೆಯ ನಡುರಾತ್ರಿ ಕಾಯಿಲೆಯವರನ್ನು ಆಸ್ಪತ್ರೆಗೆ ಮುಟ್ಟಿಸುವುದು, ಎಲ್ಲಕ್ಕೂ ಅದೇ ಆಧಾರ. ಅಂಥ ಜೀಪಿನ ಎಂಜಿನ್ ಸವೆದಾಗ ಹೊಸ ಗಾಡಿಗೆ ಸಾಲ ಮಾಡುವ ಬದಲು ಬೇರೊಂದು ಎಂಜಿನ್ ಕೂರಿಸಿಕೊಳ್ಳುವುದು ನಮ್ಮ ಕಡೆ ಹಿಂದಿನಿಂದ ನಡೆದುಬಂದ ರೂಢಿ.

ಹಳೆಯ ಮಹೀಂದ್ರ ಸಿ.ಜೆ. 3ಬಿ ಜೀಪುಗಳಲ್ಲಿ ಇದ್ದದ್ದು ಹರಿಕೇನ್ ಎಂಬ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಗಾತ್ರ 134 ಘನ ಅಂಗುಲ, ಅಂದರೆ ಸುಮಾರು 2.2 ಲೀಟರು. ಏರು ಹತ್ತಲು ಗಟ್ಟಿ, ಕುಡಿಯುವುದರಲ್ಲೂ ಗಟ್ಟಿ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಬೆಲೆ ಏರಿದಾಗ ಡೀಸೆಲ್ ಎಂಜಿನ್ ಕೂರಿಸುವ ಕೆಲಸಕ್ಕೆ ಬೇಡಿಕೆ ಬಂತು. ಪರ್ಕಿನ್ಸ್, ಪ್ಯೂಜೊ ಮೂಲದ ಎಂಜಿನ್ನುಗಳು ಹೀಗೆ ಎಷ್ಟೋ ಜೀಪುಗಳ ಹೊಟ್ಟೆ ಸೇರಿದವು. ಅವುಗಳಲ್ಲಿ ಕೆಲವು ಇಂದಿಗೂ ತೋಟದೊಳಗೆ ದುಡಿಯುತ್ತಿವೆ.

ಎಂಜಿನ್ ಬದಲಿಸಿದ ಮೇಲೆ ಬರುವ ದೂರು ಸಾಮಾನ್ಯವಾಗಿ ಒಂದೇ ಬಗೆಯದು. ಬೆಳಿಗ್ಗೆ ಸ್ಟಾರ್ಟ್ ಆಗದು, ಆದರೂ ಒಂದೆರಡು ಮೈಲಿ ಹೋಗಿ ನಿಲ್ಲುತ್ತದೆ, ಏರಿನಲ್ಲಿ ಎಳೆಯದು. ಕೂಡಲೇ "ಪಂಪು ಹೋಯಿತು" ಎಂಬ ತೀರ್ಪು ಬರುತ್ತದೆ. ಪಂಪು ಬಿಚ್ಚಿ ಪಟ್ಟಣಕ್ಕೆ ಹೋಗುತ್ತದೆ, ಹಣವೂ ಹೋಗುತ್ತದೆ. ಕೊಯ್ಲಿನ ನಡುವೆ ನಾಲ್ಕಾರು ದಿನ ಗಾಡಿ ನಿಂತರೆ ಆಗುವ ನಷ್ಟವನ್ನು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಿಲ್ಲ. ಪಂಪು ಬಿಚ್ಚುವ ಮೊದಲು ಮನೆಯಂಗಳದಲ್ಲೇ ನೋಡಬಹುದಾದ ಸಂಗತಿಗಳು ಅನೇಕ ಇವೆ. ಅವನ್ನು ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇವೆ.

ಪಂಪು ಒಂದಲ್ಲ, ಎರಡು

ಡೀಸೆಲ್ ಎಂಜಿನ್ನಿನಲ್ಲಿ ಎರಡು ಪಂಪುಗಳಿವೆ. ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರಿಗೆ ಕೊಡುವುದು ಚಿಕ್ಕ ಫೀಡ್ ಪಂಪು. ಅದನ್ನು ಭಾರಿ ಒತ್ತಡದಲ್ಲಿ ಅಳತೆ ಮಾಡಿ, ಸರಿಯಾದ ಹೊತ್ತಿಗೆ ನಾಜಲ್‌ಗಳಿಗೆ ಕಳಿಸುವುದು ಇಂಜೆಕ್ಷನ್ ಪಂಪು. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮವರ ಬಾಯಲ್ಲಿ ಇದು "ಮೈಕೋ ಪಂಪು" ಆಗಿಯೇ ಉಳಿದಿದೆ. ದುಬಾರಿಯಾದದ್ದು ಈ ಎರಡನೆಯದು. ಇದರ ಒಳಭಾಗಗಳ ಅಂತರ ಕೂದಲೆಳೆಗಿಂತ ಕಡಿಮೆ. ಪರೀಕ್ಷಾ ಯಂತ್ರವಿಲ್ಲದ ಕಡೆ ಇದನ್ನು ಬಿಚ್ಚಲೇಬಾರದು.

ಮೊದಲು ಹೊಗೆ ನೋಡಿ. ಸೆಲ್ಫ್ ತಿರುಗಿಸುವಾಗ ಸೈಲೆನ್ಸರಿನಿಂದ ಹೊಗೆಯೇ ಬಾರದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ ಎಂದರ್ಥ. ಬಿಳಿ ಹೊಗೆ ಬಂದೂ ಎಂಜಿನ್ ಹತ್ತದಿದ್ದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್, ಪಂಪಿನ ಟೈಮಿಂಗ್, ಕಂಪ್ರೆಶನ್ ಕಡೆ ಗಮನ ಕೊಡಬೇಕು. ಮುಂದೆ ಹೇಳುವುದೆಲ್ಲ ಹೊಗೆ ಬಾರದ ಗಾಡಿಗೆ ಮತ್ತು ಓಡುತ್ತ ಓಡುತ್ತ ನಿಲ್ಲುವ ಗಾಡಿಗೆ ಅನ್ವಯಿಸುತ್ತದೆ.

ಕಾಣದ ಸೋರಿಕೆ

ತೋಟಕ್ಕೆ ನೀರು ಹಾಯಿಸುವ ಪಂಪ್‌ಸೆಟ್ಟಿನ ಸಕ್ಷನ್ ಪೈಪಿನಲ್ಲಿ ಸಣ್ಣ ತೂತಿದ್ದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ಪಂಪು ಸುಮ್ಮನೆ ತಿರುಗುತ್ತದೆ. ಜೀಪಿನಲ್ಲಿಯೂ ಇದೇ ನ್ಯಾಯ. ಫೀಡ್ ಪಂಪಿನಿಂದ ಮುಂದೆ ಸೋರಿದರೆ ಡೀಸೆಲ್ ತೊಟ್ಟಿಕ್ಕಿ ಕಣ್ಣಿಗೆ ಬೀಳುತ್ತದೆ. ಟ್ಯಾಂಕು ಮತ್ತು ಫೀಡ್ ಪಂಪಿನ ನಡುವೆ ಜಾಯಿಂಟ್ ಸಡಿಲವಾದರೆ ಒಂದು ಹನಿಯೂ ಕಾಣದು. ಗಾಳಿ ಮಾತ್ರ ಎಳೆಯುತ್ತದೆ.

ಎಂಜಿನ್ ಬದಲಿಸುವಾಗ ಹಳೆಯ ಪೆಟ್ರೋಲ್ ಪೈಪಿಗೆ ರಬ್ಬರ್ ತುಂಡು ಸಿಕ್ಕಿಸಿ, ತಂತಿ ಬಿಗಿದು ಕೆಲಸ ಮುಗಿಸುವುದುಂಟು. ತಂಟೆಯ ಮೂಲ ಇಲ್ಲೇ. ಡೀಸೆಲ್‌ಗೆ ತಡೆಯುವ ಪೈಪನ್ನೇ ಹಾಕಿಸಿ ಸರಿಯಾದ ಕ್ಲಿಪ್ಪು ಬಿಗಿಸಬೇಕು. ತಾಮ್ರದ ವಾಷರುಗಳನ್ನು ಪ್ರತಿಸಲ ಹೊಸದಾಗಿ ಹಾಕುವುದು ಉತ್ತಮ. ಫೀಡ್ ಪಂಪಿಗೆ ಬರುವ ಪೈಪಿನಲ್ಲಿ ಒಂದು ಗೇಣು ಪಾರದರ್ಶಕ ಟ್ಯೂಬನ್ನು ತಾತ್ಕಾಲಿಕವಾಗಿ ಸೇರಿಸಿ ಎಂಜಿನ್ ಓಡಿಸಿದರೆ ಗಾಳಿಯ ಗುಳ್ಳೆಗಳು ತಾವೇ ಸಾಕ್ಷಿ ಹೇಳುತ್ತವೆ.

ಡಬ್ಬಿಯ ಪರೀಕ್ಷೆ

ಖರ್ಚಿಲ್ಲದ, ನಂಬಬಹುದಾದ ಪರೀಕ್ಷೆ ಇದು. ಐದು ಲೀಟರಿನ ಶುದ್ಧ ಡಬ್ಬಿಯಲ್ಲಿ ಸೋಸಿದ ಡೀಸೆಲ್ ತುಂಬಿ, ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ. ಟ್ಯಾಂಕಿನ ಪೈಪನ್ನು ಬಿಡಿಸಿ, ಡಬ್ಬಿಯಿಂದ ಫೀಡ್ ಪಂಪಿಗೆ ಹೊಸ ಪೈಪು ಕೊಡಿ. ರಿಟರ್ನ್ ಪೈಪಿನ ತುದಿಯನ್ನೂ ಅದೇ ಡಬ್ಬಿಗೆ ಬಿಡಿ. ಗಾಳಿ ತೆಗೆದು ಎಂಜಿನ್ ಓಡಿಸಿ. ಅರ್ಧ ಗಂಟೆ ಸರಾಗವಾಗಿ ಓಡಿದರೆ ಇಂಜೆಕ್ಷನ್ ಪಂಪು ನಿರ್ದೋಷಿ. ತಪ್ಪು ಟ್ಯಾಂಕಿನಲ್ಲಿ ಅಥವಾ ಪೈಪಿನಲ್ಲಿ. ಡಬ್ಬಿಯಿಂದಲೂ ನಿಂತರೆ ಫಿಲ್ಟರು, ಫೀಡ್ ಪಂಪು, ಕೊನೆಗೆ ಇಂಜೆಕ್ಷನ್ ಪಂಪು, ಈ ಕ್ರಮದಲ್ಲಿ ಹುಡುಕಬೇಕು. ಇದನ್ನು ಪೆಟ್ರೋಲ್ ಗಾಡಿಗೆ ಎಂದೂ ಮಾಡಕೂಡದು. ಬೆಂಕಿ ಅನಾಹುತ ಆಗುವುದು ಖಂಡಿತ.

ನಮ್ಮ ಸದಸ್ಯರೊಬ್ಬರ ಜೀಪಿನ ಪಂಪನ್ನು ಒಂದೇ ಕೊಯ್ಲಿನಲ್ಲಿ ಎರಡು ಸಲ ರಿಪೇರಿಗೆ ಕೊಟ್ಟಿದ್ದರು. ಗಾಡಿ ಆದರೂ ಏರಿನಲ್ಲಿ ನಿಲ್ಲುತ್ತಲೇ ಇತ್ತು. ಡಬ್ಬಿ ಕಟ್ಟಿ ನೋಡಿದಾಗ ಎಂಜಿನ್ ಒಂದು ಕ್ಷಣವೂ ತಡವರಿಸಲಿಲ್ಲ. ಕೊನೆಗೆ ಸಿಕ್ಕಿದ್ದು ಸೀಟಿನಡಿಯ ಟ್ಯಾಂಕಿನೊಳಗಿನ ಪೈಪಿನಲ್ಲಿ ತುಕ್ಕು ತಿಂದ ಸೂಜಿಮೊನೆಯಷ್ಟು ತೂತು. ಟ್ಯಾಂಕು ತುಂಬಿದಾಗ ಆ ತೂತು ಡೀಸೆಲ್‌ನಲ್ಲಿ ಮುಳುಗಿರುತ್ತಿತ್ತು; ಅರ್ಧ ಖಾಲಿಯಾದಾಗ ಗಾಳಿ ಎಳೆಯುತ್ತಿತ್ತು.

ಟ್ಯಾಂಕಿನಲ್ಲಿ ನೋಡಬೇಕಾದದ್ದು

ಪೆಟ್ರೋಲ್ ಇದ್ದ ಟ್ಯಾಂಕನ್ನು ತೊಳೆಯದೆ ಡೀಸೆಲ್ ತುಂಬಬಾರದು. ಇಂಜೆಕ್ಷನ್ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಜಿಡ್ಡು. ಪೆಟ್ರೋಲ್ ಅಥವಾ ಸೀಮೆಎಣ್ಣೆ ಬೆರೆತರೆ ಆ ಜಿಡ್ಡು ಕಡಿಮೆಯಾಗಿ ಪಂಪು ಸವೆಯುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಬೆಸುಗೆ ಹಾಕಿಸುವಾಗ ಒಳಗೆ ಉಳಿದ ಆವಿ ಸಿಡಿಯಬಹುದು. ಅನುಭವಸ್ಥರ ಹೊರತು ಯಾರಿಗೂ ಕೊಡಬೇಡಿ.

ಕಾರ್ಬ್ಯುರೇಟರ್ ಜೀಪಿನ ಟ್ಯಾಂಕಿಗೆ ಹೊರಹೋಗುವ ಪೈಪು ಒಂದೇ. ಡೀಸೆಲ್‌ಗೆ ರಿಟರ್ನ್ ಪೈಪೂ ಬೇಕು. ಕೆಲವರು ಇದನ್ನು ಟ್ಯಾಂಕಿಗೆ ಒಯ್ಯದೆ ಫೀಡ್ ಪೈಪಿಗೇ ಕೂಡಿಸಿಬಿಡುತ್ತಾರೆ. ಬಿಸಿಯಾದ, ಗಾಳಿ ಬೆರೆತ ಡೀಸೆಲ್ ಮತ್ತೆ ಪಂಪಿಗೇ ಬಂದು ಎಂಜಿನ್ ಏರಿಳಿದು ನಡುಗುತ್ತದೆ. ರಿಟರ್ನ್ ಪೈಪು ಟ್ಯಾಂಕಿಗೇ ಹೋಗಬೇಕು.

ಮುಚ್ಚಳದ ಗಾಳಿಕಿಂಡಿ ಕೆಸರಿನಿಂದ ಮುಚ್ಚಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಡೀಸೆಲ್ ಬರುವುದು ನಿಲ್ಲುತ್ತದೆ. ಗಾಡಿ ನಿಂತಾಗ ಮುಚ್ಚಳ ತೆರೆಯಿರಿ. ಬುಸ್ಸೆಂದು ಗಾಳಿ ಒಳನುಗ್ಗಿ, ಮತ್ತೆ ಎಂಜಿನ್ ಓಡಿದರೆ ರೋಗ ಸಿಕ್ಕಿತು.

ಫೀಡ್ ಪಂಪು ಮತ್ತು ಸ್ಟಾಪ್ ವ್ಯವಸ್ಥೆ

ಡಯಾಫ್ರಂ ಇರುವ ಫೀಡ್ ಪಂಪಿನ ಕೈಸನ್ನೆ ಒತ್ತಿದಾಗ ಬಿಗಿತವೇ ಇಲ್ಲದಿದ್ದರೆ ಪಂಪು ಕೆಟ್ಟಿತೆಂದು ಅವಸರ ಪಡಬೇಡಿ. ಎಂಜಿನ್ನಿನ ಕ್ಯಾಮ್ ಅದನ್ನು ಎತ್ತಿ ಹಿಡಿದಿರಬಹುದು. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ. ಬೇರೆ ಎಂಜಿನ್ನಿನ ಪಂಪು ತಂದು ಹಾಕಿದ್ದರೆ ಅದರ ತೋಳಿನ ಉದ್ದ, ಕೆಳಗಿನ ಪ್ಯಾಕಿಂಗಿನ ದಪ್ಪ ಹೊಂದುವುದೇ ಎಂದು ಪರೀಕ್ಷಿಸಿ. ಪ್ಯಾಕಿಂಗ್ ದಪ್ಪವಾದರೆ ತೋಳಿನ ಓಟ ಕಡಿಮೆಯಾಗಿ ಡೀಸೆಲ್ ಸಾಲದು. ಎಂಜಿನ್ ಆಯಿಲ್ ಮಟ್ಟ ತಾನಾಗಿ ಏರಿ, ತೆಳ್ಳಗಾಗಿ, ಡೀಸೆಲ್ ವಾಸನೆ ಬಂದರೆ ಗಾಡಿ ಓಡಿಸುವುದನ್ನು ಕೂಡಲೇ ನಿಲ್ಲಿಸಿ. ಡಯಾಫ್ರಂ ಹರಿದಿರಬಹುದು, ಹಾಗೇ ಓಡಿಸಿದರೆ ಬೇರಿಂಗುಗಳು ಹೋಗುತ್ತವೆ.

ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಅರ್ಧ ಎಳೆದುಕೊಂಡೇ ಉಳಿದಿದ್ದರೆ ಎಷ್ಟು ಸೆಲ್ಫ್ ಹೊಡೆದರೂ ಫಲವಿಲ್ಲ. ಕೆಲವು ಪಂಪುಗಳಿಗೆ ಕೇಬಲ್ ಬದಲು ವಿದ್ಯುತ್ ಸೊಲೆನಾಯ್ಡ್ ಇರುತ್ತದೆ. ಕೀಲಿ ತಿರುಗಿಸಿದಾಗ ಟಿಕ್ ಎಂಬ ಸದ್ದು ಕೇಳಬೇಕು. ಕೇಳದಿದ್ದರೆ ಬಲ್ಬು ಹಿಡಿದು ಕರೆಂಟು ಬರುವುದೇ ನೋಡಿ, ಸೆಲ್ಫ್ ತಿರುಗುವಾಗಲೂ ನೋಡಿ.

ಗಾಳಿ ತೆಗೆಯುವ ಕ್ರಮ

ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ, ನಂತರ ಇಂಜೆಕ್ಷನ್ ಪಂಪಿನ ಸ್ಕ್ರೂ, ಹೀಗೆ ಒಂದೊಂದನ್ನೇ ಸಡಿಲಿಸಿ, ಕೈಪಂಪು ಒತ್ತಿ, ನೊರೆಯಿಲ್ಲದ ಡೀಸೆಲ್ ಬಂದ ಮೇಲೆ ಬಿಗಿಯಿರಿ. ಕೊನೆಗೆ ನಾಜಲ್‌ಗಳ ನಟ್ಟನ್ನು ಸ್ವಲ್ಪ ಸಡಿಲಿಸಿ ಸೆಲ್ಫ್ ತಿರುಗಿಸಿ, ಡೀಸೆಲ್ ಜಿನುಗಿದೊಡನೆ ಬಿಗಿಯಿರಿ. ಹದಿನೈದು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಸೆಲ್ಫ್ ಹೊಡೆಯಬಾರದು. ನಾಜಲಿನ ಸಿಂಚನಕ್ಕೆ ಕೈ ಒಡ್ಡಬೇಡಿ; ಅದು ಚರ್ಮ ಸೀಳಿ ಒಳಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಚಿಕ್ಕದೆಂದು ಬಿಡದೆ ಆಸ್ಪತ್ರೆಗೆ ಹೋಗಬೇಕು. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಒತ್ತಡ ಸಾವಿರ ಬಾರ್ ಮೀರುವುದರಿಂದ ಅವುಗಳ ಪೈಪನ್ನು ಅಂಗಳದಲ್ಲಿ ಸಡಿಲಿಸುವ ಮಾತೇ ಬೇಡ.

ಪೆಟ್ರೋಲ್ ಎಂಜಿನ್ ಹಾಕಿದವರಿಗೆ

ಕಾರ್ಬ್ಯುರೇಟರಿಗೆ ಬೇಕಾದ ಒತ್ತಡ ಸಾಮಾನ್ಯವಾಗಿ ಚದರ ಅಂಗುಲಕ್ಕೆ 3ರಿಂದ 5 ಪೌಂಡು ಮಾತ್ರ. ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್ನಿಗೆ ಅದರ ಹತ್ತು ಪಟ್ಟಿನಷ್ಟು ಬೇಕು. ಒಂದರ ಪಂಪು ಇನ್ನೊಂದಕ್ಕೆ ಆಗದು. ವಿದ್ಯುತ್ ಪಂಪಿಗೆ ರಿಲೇ, ಫ್ಯೂಸು, ಗಟ್ಟಿ ಅರ್ತ್ ಬೇಕು. ತೆಳು ತಂತಿ ಕೊಟ್ಟರೆ ಪಂಪು ತಿರುಗಿದರೂ ಒತ್ತಡ ಬಾರದು.

ಕಾಗದಪತ್ರ

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಎಂಜಿನ್ ಬದಲಿಸುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ. ಆರ್.ಸಿ.ಯಲ್ಲಿ ಒಂದು ಎಂಜಿನ್ ನಂಬರು, ಗಾಡಿಯಲ್ಲಿ ಇನ್ನೊಂದು ಇದ್ದರೆ ಅಪಘಾತವಾದಾಗ ವಿಮೆಗೆ ತೊಡಕಾಗುತ್ತದೆ.

ಸದಸ್ಯರಲ್ಲಿ ನಮ್ಮ ಕೋರಿಕೆ ಇಷ್ಟೇ: ಕೊಯ್ಲು ಮೊದಲಾಗುವ ಮುನ್ನವೇ ಬಿಡುವಿನ ಒಂದು ದಿನ ಟ್ಯಾಂಕಿನಿಂದ ಪಂಪಿನವರೆಗಿನ ಪೈಪನ್ನು ಕೈಯಾಡಿಸಿ ನೋಡಿ, ಫಿಲ್ಟರ್ ಬದಲಿಸಿ, ತಳದ ನೀರು ತೆಗೆಯಿರಿ. ಗಾಡಿಯಲ್ಲಿ ಒಂದು ಮಾರು ಪೈಪು, ನಾಲ್ಕು ಕ್ಲಿಪ್ಪು, ಕೆಲವು ತಾಮ್ರದ ವಾಷರು ಇಟ್ಟುಕೊಳ್ಳಿ. ಪಂಪು ಬಿಚ್ಚಬೇಕೆಂದು ಯಾರಾದರೂ ಹೇಳಿದರೆ, ಮೊದಲು ಡಬ್ಬಿ ಕಟ್ಟಿ ನೋಡೋಣವೆನ್ನಿ.